ಮುನ್ನೂರು ಎಚ್‌ಪಿ ಪಂಪು

ಆ ಭಾನುವಾರ ಬೆಳಗ್ಗೆ ನಂದಕುಮಾರ ಮುಖಕ್ಕೆ ಸೋಪು ಹಚ್ಚಿಕೊಳ್ಳದೆ ಇದ್ದಿದ್ದರೆ ಸುಗಟೂರಿನಲ್ಲಿ ಅಷ್ಟೊಂದು ರಾದ್ಧಾಂತ ಆಗುತ್ತಲೇ ಇರಲಿಲ್ಲ. ಹಣೆಬರಹ, ಹಚ್ಚಿಕೊಂಡ. ಅದೇ ಹೊತ್ತಿಗೆ ಕೊರಿಯರಿನವನು ಬಂದ. ಪಾರ್ಸೆಲ್ಲು ಸೀದಾ ಅಪ್ಪ ಆವಲಪ್ಪನ ಕೈಗೆ ಬಿತ್ತು.

"ಲೇ ನಂದಾ, ಏನ್ಲಾ ಇದು? ಕೊರಿಯರ್ನೋನು ಪಂಪು ಅಂತಾನೆ!" ಆವಲಪ್ಪ ಬಚ್ಚಲಿನ ಬಾಗಿಲು ಬಡಿದ.

ನಂದಕುಮಾರ ಒಳಗಿನಿಂದಲೇ ಕೂಗಿದ. "ಹ್ಞೂಂ ಅಪ್ಪಾ, ಪಂಪೇ."

"ನಮ್ಮ ಬೋರಿಗಾ?"

ಕಣ್ಣಲ್ಲಿ ಸೋಪು, ಪಕ್ಕದ ಅಡುಗೆಮನೆಯಲ್ಲಿ ಹೆಂಡತಿ ಶ್ಯಾಮಲಾ. 'ಕಾರಿಗೆ' ಅಂತ ಕೂಗಿದರೆ ಅವಳ ಕಿವಿಗೆ ಬೀಳುತ್ತದೆ. ಪಾಪ, ಇನ್ನೇನು ಮಾಡಿಯಾನು? "ಹ್ಞೂಂ" ಅಂದುಬಿಟ್ಟ.

ಕಾರಿನ ವಿಷಯ ಹೇಳದೆ ಈ 'ಹ್ಞೂಂ' ಅರ್ಥವಾಗುವುದಿಲ್ಲ. ನಂದಕುಮಾರನ ಹತ್ತಿರ ಒಂದು ಹಳೇ ಕೆಂಪು ಟರ್ಬೊ ಕಾರಿತ್ತು. ಹಳೇದಾದರೂ ಟರ್ಬೊ ಎದ್ದಿತು ಅಂದರೆ ಹಿಂದಿನಿಂದ ಹೋರಿ ಗುಮ್ಮಿದ ಹಾಗೆ ಮುಂದಕ್ಕೆ ಚಿಮ್ಮುತ್ತಿತ್ತು. ಇನ್ನೂ ಚಿಮ್ಮಲಿ ಎಂಬ ಆಸೆಗೆ ಅವನು ಎಂಜಿನ್ನಿಗೆ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರುಗಳನ್ನು ಕದ್ದುಮುಚ್ಚಿ ಬದಲಿಸಿ ದೊಡ್ಡವನ್ನು ಹಾಕಿಸಿದ್ದ. ಬಾಯಿ ದೊಡ್ಡದಾಯಿತು, ಬಡಿಸುವ ಕೈ ಮಾತ್ರ ಹಳೇದೇ. ಟ್ಯಾಂಕಿನೊಳಗೆ ಮುಳುಗಿಕೊಂಡಿದ್ದ ಹಳೇ ಪೆಟ್ರೋಲ್ ಪಂಪಿಗೆ ಅಷ್ಟು ಒದಗಿಸುವ ತ್ರಾಣ ಇರಲಿಲ್ಲ. ಹೋದ ಸಲ ಶ್ಯಾಮಲಾಳ ತವರು ಮುಳಬಾಗಿಲಿಗೆ ಹೊರಟಾಗ ಏರಿನಲ್ಲಿ ಕಾರು ಕೆಮ್ಮಿ, ಬಿಕ್ಕಿ, ನಿಂತೇ ಹೋಯಿತು. ರೇಷ್ಮೆ ಸೀರೆ ಉಟ್ಟ ಶ್ಯಾಮಲಾ ತವರು ಸೇರಿದ್ದು ಟೊಮೇಟೊ ಕ್ರೇಟುಗಳ ನಡುವೆ, ಲಾರಿಯಲ್ಲಿ.

ಅವತ್ತೇ ಅವಳು ತೀರ್ಪು ಕೊಟ್ಟಿದ್ದಳು. "ಇನ್ಮೇಲೆ ಆ ಕಾರಿಗೆ ಒಂದು ನಟ್ಟು ತಂದ್ರೂ ಸರಿ, ಇನ್ನೊಂದು ಸಲ ದಾರೀಲಿ ನಿಂತ್ರೂ ಸರಿ, ಮಾಲೂರು ಕದಿರೇಶನ ಗುಜರಿಗೇ ಅದು." ಆಡಿದ ಮಾತು ತಪ್ಪುವ ಹೆಂಗಸಲ್ಲ ಅವಳು. ಕದಿರೇಶನ ನಂಬರು ಆಗಲೇ ಅವಳ ಫೋನಿನಲ್ಲಿತ್ತು. ಈಗ ಅವಳ ತಮ್ಮ ಉಮಾಶಂಕರನ ಹೊಸ ಮನೆಯ ಗೃಹಪ್ರವೇಶ ನಾಳೆ ಬೆಳಗ್ಗೆ. ಮತ್ತೆ ಅದೇ ದಾರಿ, ಅದೇ ಏರು. ಕಾರು ಉಳಿಯಬೇಕೆಂದರೆ ಹೊಸ ಪಂಪು ಇವತ್ತೇ ಟ್ಯಾಂಕಿಗೆ ಇಳಿಯಬೇಕು, ಅದೂ ಶ್ಯಾಮಲಾಳಿಗೆ ಗೊತ್ತಾಗದ ಹಾಗೆ.

ನಂದಕುಮಾರ ಟವೆಲು ಸುತ್ತಿಕೊಂಡು ಹೊರಗೆ ಓಡಿ ಬರುವಷ್ಟರಲ್ಲಿ ಡಬ್ಬ ಜಗಲಿ ಮೇಲಿತ್ತು, ಅಪ್ಪ ಇರಲಿಲ್ಲ. ಡಬ್ಬದ ಮೇಲಿನ ಇಂಗ್ಲಿಷಿನಲ್ಲಿ ಆವಲಪ್ಪನಿಗೆ ಓದಲು ಬಂದದ್ದು ಒಂದೇ: 300 HP. ಮುನ್ನೂರು ಎಚ್‌ಪಿ ಕಾರಿಗೂ ಸಾಕಾಗುವ ಪಂಪು ಅಂತ ಅದರ ಅರ್ಥ. ಆದರೆ ಬೋರ್‌ವೆಲ್ ಇರುವ ರೈತನಿಗೆ ಎಚ್‌ಪಿ ಅಂದರೆ ಮೋಟ್ರು. ಹತ್ತು, ಹದಿನೈದು ಎಚ್‌ಪಿ ಮೋಟ್ರಿನಲ್ಲಿ ಆಯಸ್ಸು ಕಳೆದ ಆವಲಪ್ಪ ಮುನ್ನೂರು ನೋಡಿ ಹಿಗ್ಗಿಹೋಗಿ ಹಾಲಿನ ಡೇರಿಗೆ ಓಡಿದ್ದ. ಊರಿಗೆಲ್ಲ ಸುದ್ದಿ ಹಂಚುವ ಜಾಗ ಅದೇ ತಾನೇ?

ಅಷ್ಟರಲ್ಲಿ ಮೆಕ್ಯಾನಿಕ್ಕು ಆಂಜಿ ಬೈಕಿನಲ್ಲಿ ಬಂದ.

"ಮನೆ ಹತ್ರ ಬೇಡ ಕಣೋ," ಎಂದು ನಂದಕುಮಾರ ಪಿಸುಗುಟ್ಟಿದ. "ಪೆಟ್ರೋಲ್ ವಾಸನೆ ಹುಳುಮನೆಗೆ ಹೊಡೆದ್ರೆ ರೇಷ್ಮೆಹುಳ ಸಾಯೋಕಿಂತ ಮೊದ್ಲು ನಮ್ಮಮ್ಮ ನನ್ನ ಸಾಯಿಸ್ತಾಳೆ. ಮಾವಿನ ತೋಪಿಗೆ ಕಾರು ತಗೊಂಡು ಹೋಗು. ಹೊಸದನ್ನ ಟ್ಯಾಂಕಿಗೆ ಹಾಕು, ಹಳೇದನ್ನ ಇದೇ ಡಬ್ಬದಲ್ಲಿಟ್ಟು ತಂದುಕೊಡು. ಅಪ್ಪ ಕೇಳಿದ್ರೆ ತೋರ್ಸೋಕೆ ಡಬ್ಬ ಬೇಕು."

"ನೀನೇನೂ ಯೋಚ್ನೆ ಮಾಡ್ಬೇಡಣ್ಣಾ," ಎಂದ ಆಂಜಿ. ಆಂಜಿ ಹಾಗಂದಾಗಲೆಲ್ಲ ಯೋಚನೆ ಮಾಡಬೇಕಾಗಿ ಬಂದಿದ್ದು ನಂದಕುಮಾರನಿಗೆ ಆಗ ನೆನಪಾಗಲಿಲ್ಲ.

ಕಾರು ಮರೆಯಾಗಿ ಒಂದು ಲೋಟ ಕಾಫಿ ಕುಡಿದಿರಲಿಲ್ಲ, ಪಕ್ಕದ ಹೊಲದ ಕೋದಂಡರಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಅಂಗಳಕ್ಕೆ ನುಗ್ಗಿದ. ಸಿಟ್ಟು ಬಂದರೆ ಅವನಿಗೆ ಕನ್ನಡ ಸಾಲುತ್ತಿರಲಿಲ್ಲ.

"ಏಮಿರಾ ನಂದಾ! ಊರಂತಾ ಎಂಡಿಪೋವಾಲಾ? ಊರೇ ಒಣಗಿ ಹೋಗ್ಬೇಕೇನೋ? ನನ್ನ ಬೋರಿಗೂ ನಿಮ್ಮ ಬೋರಿಗೂ ನಡುವೆ ಇರೋದು ಒಂದು ಬದು! ನೀನು ಮುನ್ನೂರು ಎಚ್‌ಪಿ ಇಳಿಸಿದ್ರೆ ನನ್ನ ಪೈಪಲ್ಲಿ ಗಾಳಿ ಬರುತ್ತೆ, ಗಾಳಿ!"

"ಮಾವಾ, ಅದು ಹಂಗಲ್ಲ..."

"ಮತ್ತೆ ಹೆಂಗೆ? ಬೋರಿಗಲ್ದೆ ಇನ್ಯಾವುದಕ್ಕೆ ತಂದೆ, ಹೇಳು!"

ನಂದಕುಮಾರ ಬಾಯಿ ತೆರೆದ. ಹೊಸ್ತಿಲಲ್ಲಿ ಶ್ಯಾಮಲಾ ಸೌಟು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದಳು. ತೆರೆದ ಬಾಯಿ ಮುಚ್ಚಿಕೊಂಡ. ಬೋರಿಗೆ ಎಂದರೆ ಊರು ಬಿಡುವುದಿಲ್ಲ, ಕಾರಿಗೆ ಎಂದರೆ ಹೆಂಡತಿ ಬಿಡುವುದಿಲ್ಲ.

"ಬೋರಿಗೇ," ಎಂದ ಸಣ್ಣಗೆ.

ತಗೋ, ಮುಗೀತು. ಎದುರುಮನೆ ಗಂಗರತ್ನಮ್ಮ ಖಾಲಿ ಕೊಡ ತಂದು ಅಂಗಳದ ಮಧ್ಯೆ ಕುಕ್ಕಿದಳು. "ಬೆಳಗ್ಗಿಂದ ನಮ್ಮ ನಲ್ಲೀಲಿ ನೀರಿಲ್ಲ. ಆಗಲೇ ಎಳೆಯೋಕೆ ಶುರು ಮಾಡ್ಬಿಟ್ಯೇನಪ್ಪಾ?"

"ಗಂಗರತ್ನಕ್ಕಾ, ಪಂಪು ಇನ್ನೂ ಡಬ್ಬದಲ್ಲೇ ಐತೆ, ವೈರು ನೋಡೋಕೆ ಆಂಜಿ ತಗೊಂಡು ಹೋಗಿದ್ದಾನೆ!"

"ಡಬ್ಬದಲ್ಲಿದ್ದಾಗ್ಲೇ ಹಿಂಗೆ, ಇಳಿಸಿದ್ಮೇಲೆ ಹೆಂಗೋ?"

ಮಧ್ಯಾಹ್ನದ ಹೊತ್ತಿಗೆ ಅಂಗಳ ಜಾತ್ರೆಯಾಗಿತ್ತು. ಸ್ವಿಚ್ಚು ಹಾಕಿದ ತಕ್ಷಣ ಟ್ರಾನ್ಸ್‌ಫಾರ್ಮರು ಸಿಡಿಯುತ್ತದೆ ಎಂದ ಒಬ್ಬ. ಪಕ್ಕದೂರು ಹೋಳೂರಿನ ಬೋರುಗಳೂ ಬತ್ತುತ್ತವೆ ಎಂದ ಇನ್ನೊಬ್ಬ. ಆವಲಪ್ಪ ಮಾತ್ರ ಮೀಸೆ ತಿರುವುತ್ತ ಕೂತಿದ್ದ. "ಡಬ್ಬ ಇಷ್ಟೇ ಇಷ್ಟು ಇತ್ತಂತಲ್ಲಪ್ಪಾ" ಎಂದು ಯಾರೋ ಅನುಮಾನ ಪಟ್ಟರೆ, "ಫೋನು ಚಿಕ್ಕದಾಗ್ಲಿಲ್ವಾ? ಮೋಟ್ರೂ ಹಂಗೇ ಚಿಕ್ಕದಾಗೈತೆ. ನನ್ಮಗ ಕಂಪ್ನೀಲಿರೋನು, ಸುಮ್ನೆ ತರ್ತಾನಾ?" ಎಂದು ಗದರಿಸಿದ. ಅಪ್ಪ ಜೀವಮಾನದಲ್ಲಿ ಮೊದಲ ಸಲ ಹೊಗಳುತ್ತಿದ್ದಾನೆ, ಅದೂ ಸುಳ್ಳಿಗೆ. ನಂದಕುಮಾರನಿಗೆ ಅಳು ಬರುವ ಹಾಗಾಯಿತು.

ಕೊನೆಗೆ ಕೋದಂಡರಾಮಪ್ಪ ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ಬಂದ. "ಮಾತು ಸಾಕು. ಕರ್ಪೂರ ಮುಟ್ಟಿ ಆಣೆ ಮಾಡು. ಈ ಪಂಪನ್ನ ಬೋರಿಗಾಗ್ಲಿ, ಸಂಪಿಗಾಗ್ಲಿ, ಟ್ಯಾಂಕಿಗಾಗ್ಲಿ ಇಳಿಸಲ್ಲ ಅನ್ನು."

ನಂದಕುಮಾರ ಬೆಚ್ಚಿದ. ಬೋರು ಸರಿ, ಸಂಪೂ ಸರಿ. ಟ್ಯಾಂಕಿಗೂ ಇಳಿಸುವಂತಿಲ್ಲ ಎಂದರೆ ಕಾರಿನ ಗತಿ? ಕರ್ಪೂರ ಮುಟ್ಟಿ ಸುಳ್ಳಾಣೆ ಮಾಡುವ ಧೈರ್ಯ ಅವನಿಗಿರಲಿಲ್ಲ. ಅಷ್ಟರಲ್ಲಿ ದೇವರು ಬಂದ ಹಾಗೆ ಕಾರಿನಲ್ಲಿ ಆಂಜಿ ಬಂದ. ಗುಂಪು ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು. ಡಬ್ಬವನ್ನು ನಂದಕುಮಾರನ ಕೈಗೆ ತುರುಕಿ, ಕಿವಿಯಲ್ಲಿ "ಹಾಕಿದ್ದೀನಣ್ಣಾ. ಡಬ್ಬ ಹುಷಾರು. ಆಮೇಲೆ ಫೋನ್ ಮಾಡ್ತೀನಿ" ಎಂದವನೇ ಬೈಕು ಹತ್ತಿ ಪರಾರಿಯಾದ.

ಹಾಕಿದ್ದೀನಿ! ಆ ಒಂದು ಮಾತಿಗೆ ನಂದಕುಮಾರನಿಗೆ ಹೋದ ಜೀವ ಬಂತು. ಹೊಸ ಪಂಪು ಆಗಲೇ ಟ್ಯಾಂಕಿಗೆ ಇಳಿದಾಗಿದೆ. ಡಬ್ಬದಲ್ಲಿರುವುದು ಹಳೇ ಕಸ. ಇನ್ನು ಮುಂದೆ ಇಳಿಸುವುದಿಲ್ಲ ಎಂದರೆ ಆಣೆಗೂ ಭಂಗವಿಲ್ಲ! ಅವನು ಎದೆ ಸೆಟೆಸಿ ಕರ್ಪೂರ ಮುಟ್ಟಿದ. ಬೋರು, ಸಂಪು, ಟ್ಯಾಂಕು ಮೂರನ್ನೂ ಗಟ್ಟಿಯಾಗಿ ಹೇಳಿದ. ಅಷ್ಟಕ್ಕೆ ಸುಮ್ಮನಿರಬಾರದೇ? ಹುಮ್ಮಸ್ಸು ಬಂತು ನೋಡಿ.

"ಈ ಡಬ್ಬ ನಮ್ಮನೇಲಿದ್ರೆ ನಿಮಗ್ಯಾರಿಗೂ ನಿದ್ದೆ ಬರಲ್ಲ. ಊರಿಗಿಂತ ದೊಡ್ಡದಾ ಒಂದು ಪಂಪು? ಬನ್ನಿ ಎಲ್ರೂ!"

ಊರ ಹೊರಗೆ ಕೋದಂಡರಾಮಪ್ಪನ ಹೊಲದಲ್ಲಿ ನೀರು ಬೀಳದೆ ಫೇಲಾದ ಬೋರೊಂದು ಚಪ್ಪಡಿ ಮುಚ್ಚಿಕೊಂಡು ಬಿದ್ದಿತ್ತು. ಇಬ್ಬರು ಚಪ್ಪಡಿ ಸರಿಸಿದರು. ನಂದಕುಮಾರ ಡಬ್ಬ ಬಿಚ್ಚಿ, ಬಟ್ಟೆ ಸುತ್ತಿದ್ದ ಪಂಪನ್ನು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಒಳಗೆ ಬಿಟ್ಟ. ಟಣ್, ಟಣ್, ಟಣ್ ಎಂದು ಪೈಪಿಗೆ ಬಡಿದುಕೊಳ್ಳುತ್ತ ಸದ್ದು ಕೆಳಗಿಳಿಯಿತು, ಸಣ್ಣಗಾಯಿತು, ಆಮೇಲೆ ಇಲ್ಲವಾಯಿತು. ಜನ ಚಪ್ಪಾಳೆ ತಟ್ಟಿದರು. ಕೋದಂಡರಾಮಪ್ಪ ಅವನನ್ನು ತಬ್ಬಿಕೊಂಡು, "ಬಂಗಾರದಂಥ ಹುಡುಗ" ಎಂದು ಕಣ್ಣೊರೆಸಿಕೊಂಡ. ಶ್ಯಾಮಲಾ ಕೂಡ ಮದುವೆಯ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು.

ಸಂಜೆ ನಂದಕುಮಾರ ಜಗಲಿಯಲ್ಲಿ ಕಾಲು ಚಾಚಿ ಕೂತು ಕಾರನ್ನು ನೋಡುತ್ತಿದ್ದಾಗ ಫೋನು ಬಂತು.

"ಅಣ್ಣಾ, ಜನ ಸೇರಿದ್ರಲ್ಲ, ಹೇಳೋಕಾಗ್ಲಿಲ್ಲ," ಎಂದ ಆಂಜಿ. "ಹೊಸ ಪಂಪಿನ ವೈರು ನಮ್ಮ ಕಾರಿನ ಸಾಕೆಟ್ಟಿಗೆ ಕೂರ್ತಿಲ್ಲ. ಅದಕ್ಕೆ ಹಳೇದನ್ನೇ ವಾಪಸ್ ಹಾಕಿದ್ದೀನಿ. ಸಾಕೆಟ್ ತಂದು ಇನ್ನೊಂದಿನ ಕೂರಿಸ್ತೀನಿ. ಹೊಸದು ಡಬ್ಬದಲ್ಲೇ ಐತೆ, ಬಟ್ಟೆ ಸುತ್ತಿಟ್ಟಿದ್ದೀನಿ. ಹುಷಾರಾಗಿಟ್ಟಿದ್ದೀಯಾ ತಾನೇ?"

ನಂದಕುಮಾರನಿಗೆ ಟಣ್ ಟಣ್ ಸದ್ದು ಮತ್ತೆ ಕೇಳಿಸಿತು.

"ಅಣ್ಣಾ? ಹಲೋ?"

ಪಂಪು ಎಸೆದು ಬಂದಾಗಿನಿಂದ ಮುನಿಸಿಕೊಂಡು ಮೂಲೆ ಸೇರಿದ್ದ ಆವಲಪ್ಪ ಅಷ್ಟರಲ್ಲಿ ಎದ್ದು ಬಂದು ಪಕ್ಕದಲ್ಲಿ ಕೂತ. ಮಗನ ಸಪ್ಪೆ ಮುಖ ನೋಡಿ ಮುನಿಸು ಮರೆತ. ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ಲಾ. ಬೋರಿಗೆ ಅಂತ ತಂದಿದ್ದು ಬೋರಿಗೇ ಸೇರ್ತು" ಎಂದ.

ಒಳಗಿನಿಂದ ಶ್ಯಾಮಲಾ ಕೂಗಿದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಸಕ್ಕರೆ ಇತ್ತು.

"ರೀ, ನಾಳೆ ಗೃಹಪ್ರವೇಶಕ್ಕೆ ಕೋದಂಡರಾಮಪ್ಪನೋರು, ಗಂಗರತ್ನಕ್ಕ ಇಬ್ರೂ ನಮ್ಮ ಕಾರಲ್ಲೇ ಬರ್ತಾರಂತೆ. ಹಂಗೇ ಮುಳಬಾಗಿಲು ಮಂಡಿಗೆ ಹಾಕೋಕೆ ನಾಲ್ಕು ಕ್ರೇಟು ಟೊಮೇಟೊನೂ ಐತಂತೆ. ಆಗಲಿ ಅಂದಿದ್ದೀನಿ."