ಸರೋವರದ ನಡುವೆ ಕೆಂಪು ದೀಪ

ಎಲ್ಲ ಅನಾಹುತಕ್ಕೂ ಮೂಲ ಹಿಂದಿನ ದಿನ ಬೀಸಿದ ಗಾಳಿ. ಅದು ಹಾಂಗಸ್ ಸರೋವರದ ಮೇಲಿದ್ದ ಹಿಮವನ್ನೆಲ್ಲ ಗುಡಿಸಿ ದಡಕ್ಕೆ ಒಯ್ದು ಹಾಕಿತ್ತು. ಉಳಿದದ್ದು ಬರೀ ಮಂಜುಗಡ್ಡೆ, ಗಾರೆ ನೆಲದಷ್ಟು ನುಣುಪು. ಎನ್ಸಿಯೋನ ಹಿಮಗಾಡಿ ಅದರ ಮೇಲೆ ಅರ್ಧ ದಾರಿ ಓಡಿ, ಹ್ಯಾಂಡಲ್ ಪಕ್ಕದ ಕೆಂಪು ದೀಪ ಹೊತ್ತಿಸಿತು. ಇಂಜಿನ್ ಕಾದಿತ್ತು.

ಎನ್ಸಿಯೋ ಗಾಬರಿಯಾಗಲಿಲ್ಲ. ಓಡುವಾಗ ಅಡಿಯಲ್ಲಿ ತಿರುಗುವ ರಬ್ಬರ್ ಪಟ್ಟಿ ಎರಚುವ ಹಿಮದಿಂದಲೇ ಈ ಗಾಡಿಯ ಹೊಟ್ಟೆ ತಣ್ಣಗಾಗುವುದು. ಹಿಮವಿಲ್ಲದ ಕಡೆ ಅದಕ್ಕೆ ಜ್ವರ ಬರುವುದು ಸಹಜ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಇಳಿಯುತ್ತದೆ.

ಅವನ ಆತುರವೆಲ್ಲ ಆಚೆ ದಡದ್ದು. ಅಲ್ಲಿ ಬೇಲಿಯೊಳಗೆ ಸಾಕುವವರ ಸಂಘದ ಎಲ್ಲರ ಹಿಮಸಾರಂಗಗಳನ್ನೂ ಕೂಡಿಹಾಕಿದ್ದರು, ಇವತ್ತು ಯಾವುದು ಯಾರದೆಂಬ ವಿಂಗಡಣೆ. ಬೇಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಎನ್ಸಿಯೋ ತನ್ನ ಮೂರು ಕರುಗಳ ಕಿವಿಗೆ ಒಡೆತನದ ಗುರುತು ಕೊಯ್ದಿರಲಿಲ್ಲ. ಅವು ತನ್ನ ಹೆಣ್ಣು ಸಾರಂಗಗಳ ಹಿಂದೆಯೇ ಹೋಗುತ್ತವೆಂದು ಎಲ್ಲರೆದುರು ತೋರಿಸಿ, ಅಲ್ಲೇ ಕಿವಿ ಕೊಯ್ಯಬೇಕು. ತೋರಿಸದಿದ್ದರೆ ಕರು ಸಂಘದ ಪಾಲು. ಮುದಿಯಾಗುತ್ತಿದ್ದ ಅವನ ಮಂದೆಗೆ ಆ ಮೂರೇ ದಿಕ್ಕು.

ಆದರೆ ಆ ಸೀಮೆಯಲ್ಲೊಂದು ಕಟ್ಟಳೆ. ದಾರಿಯಲ್ಲಿ ನಿಂತ ಗಾಡಿಯನ್ನು ಕಂಡವರು ಕಾಣದವರ ಹಾಗೆ ಮುಂದೆ ಹೋಗುವಂತಿಲ್ಲ. ಮೊದಲು ನಿಂತವನು ಪಕ್ಕದ ಮನೆಯ ಕಲೆರ್ವೋ.

"ಏನಿಲ್ಲ ಮಾರಾಯ, ಹಿಮ ಸಿಗ್ದೆ ಕಾದಿದೆ ಅಷ್ಟೆ. ಆರಿದ್ಮೇಲೆ ಬರ್ತೀನಿ, ನೀನು ನಡಿ," ಎಂದ ಎನ್ಸಿಯೋ.

"ಎಲ್ರೂ ಮೊದ್ಲು ಹಂಗೇ ಅನ್ಕೊಳ್ಳೋದು," ಎಂದ ಕಲೆರ್ವೋ, ಕೆಟ್ಟ ಸುದ್ದಿ ಹೇಳಲು ಬಂದ ಡಾಕ್ಟರನ ದನಿಯಲ್ಲಿ. "ನಮ್ಮ ಭಾವಂದೂ ಹಿಂಗೇ ಶುರುವಾಗಿದ್ದು. ಆಮೇಲೆ ಇಂಜಿನ್ನೇ ಹೋಯ್ತು."

ಬಿಸಿ ಇದೆ, ಮುಟ್ಟಬೇಡ ಎನ್ನುವಷ್ಟರಲ್ಲಿ ಕಲೆರ್ವೋ ಇಂಜಿನ್ ತಣಿಸುವ ಕೂಲಂಟಿನ ಮುಚ್ಚಳ ತಿರುಗಿಸಿಯಾಗಿತ್ತು. ಕುದಿಯುತ್ತಿದ್ದ ದ್ರವ ಬುಸ್ಸೆಂದು ಹಾರಿ ಅವನ ಟೋಪಿಯನ್ನೂ ಸುತ್ತಲಿನ ಮಂಜುಗಡ್ಡೆಯನ್ನೂ ತೋಯಿಸಿತು. ಕಲೆರ್ವೋ ಮುಖ ಒರೆಸಿಕೊಂಡು ಒಳಗೆ ಇಣುಕಿದ.

"ನೋಡ್ದಾ, ನಾನು ಹೇಳ್ಲಿಲ್ವಾ? ಕೂಲಂಟ್ ಕಮ್ಮಿ ಇದೆ."

ಅಷ್ಟು ಹೊತ್ತಿಗೆ ಇನ್ನೂ ಐದಾರು ಗಾಡಿಗಳು ನಿಂತವು. ಒಬ್ಬ ತನ್ನ ಡಬ್ಬಿಯ ಹಸಿರು ಕೂಲಂಟನ್ನು ಎನ್ಸಿಯೋನ ಕೆಂಪು ಕೂಲಂಟಿನ ಮೇಲೆ ಸುರಿದ. ಎರಡು ಬಣ್ಣ ಬೆರೆತರೆ ಗಂಜಿಯ ಹಾಗೆ ಗಟ್ಟಿಯಾಗುತ್ತದೆಂದು ಇನ್ನೊಬ್ಬ ಬೈದು, ಪೈಪು ಕಿತ್ತು ಎಲ್ಲವನ್ನೂ ನೆಲಕ್ಕೆ ಹರಿಸಿದ. ಒಳಗೆ ಗಾಳಿ ಸಿಕ್ಕಿಕೊಂಡಿದೆ, ಮೂತಿ ಎತ್ತಬೇಕು ಎಂದು ಮೂರನೆಯವನು ಎನ್ಸಿಯೋನ ಹೆಗಲಿನಿಂದ ಸಾರಂಗ ಹಿಡಿಯುವ ಹಗ್ಗವನ್ನೇ ತೆಗೆದುಕೊಂಡು ಗಾಡಿಯನ್ನು ಒಂದು ಜಾರುಬಂಡಿಯ ಮೇಲಕ್ಕೆ ಎತ್ತಿ ಬಿಗಿದ. ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟೇ ಕೆಟ್ಟಿದೆ ಎಂದು ಅದನ್ನೂ ಬಿಚ್ಚಿದರು. ಅದು ಕೈಗವುಸಿನಿಂದ ಕೈಗವುಸಿಗೆ ದಾಟಿ, ಯಾರೋ ಮೀನಿಗೆಂದು ಕೊರೆದಿದ್ದ ತೂತಿನೊಳಗೆ ಬಿದ್ದು ಸರೋವರದ ತಳ ಸೇರಿತು. ಎಲ್ಲರೂ ಬಗ್ಗಿ ನೋಡಿದರು. ಚೆನ್ನಾಗಿಯೇ ಇತ್ತು ಅನಿಸುತ್ತದೆ ಎಂದ ಕಲೆರ್ವೋ.

ಎನ್ಸಿಯೋಗೆ ಅಳು ಬಂತು. ಇಷ್ಟು ಹೊತ್ತಿಗೆ ವಿಂಗಡಣೆ ಮುಗಿದು ತನ್ನ ಕರುಗಳು ಸಂಘದ ಲಾರಿ ಹತ್ತಿರಬೇಕು ಎಂದುಕೊಂಡು ಕುಸಿದು ಕೂತ. ಆಗ ಕಾಫಿ ಫ್ಲಾಸ್ಕು ಹಿಡಿದು ಬಂದ ಸಂಘದ ಯಜಮಾನ ಹೈಮೋ, ಅವನೂ ಇಂಜಿನ್ನಿಗೆ ಕಿವಿಕೊಟ್ಟು, ಪಂಪು ಹೋಗಿದೆ ಎಂದ. ಎನ್ಸಿಯೋಗೆ ಹೋದ ಜೀವ ಬಂತು. ಯಜಮಾನನೇ ಇಲ್ಲಿರುವಾಗ ಅಲ್ಲಿ ವಿಂಗಡಿಸುವವರು ಯಾರು? ಸುತ್ತ ನೋಡಿದ, ಸಂಘಕ್ಕೆ ಸಂಘವೇ ಅವನ ಗಾಡಿಯ ಸುತ್ತ ನಿಂತಿತ್ತು.

ಆ ಸಂತೋಷ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತೂ ಉಳಿಯಲಿಲ್ಲ. ಆಚೆ ದಡದಿಂದ ತ್ಯೂನೆ ಮುದುಕಿ ಗಾಡಿ ಹಾರಿಸಿಕೊಂಡು ಬಂದಳು.

"ಯಾರು ಸತ್ತಿದ್ದು?" ಎಂದಳು ಏದುಸಿರು ಬಿಡುತ್ತ. "ಇಷ್ಟು ಜನ ಸೇರಿದ್ದು ನೋಡಿ ಎದೆ ಹೊಡ್ಕೊಂಡ್‌ಬಿಡ್ತು."

ಯಾರೂ ಸತ್ತಿಲ್ಲವೆಂದು ಹೈಮೋ ಸಮಾಧಾನ ಹೇಳಿದ. ಆಮೇಲೆ ಅವನ ಮುಖ ಬಿಳುಪೇರಿತು. "ತ್ಯೂನೆಕ್ಕ, ಬೇಲಿ ಬಾಗ್ಲು ಕಾಯೋಕೆ ನಿನ್ನನ್ನಲ್ವಾ ಬಿಟ್ಟಿದ್ದು?"

ಎಲ್ಲರೂ ತಿರುಗಿ ಆಚೆ ದಡ ನೋಡಿದರು. ಇಡೀ ಮಂದೆ ಸರೋವರಕ್ಕೆ ಇಳಿದು ದಿಕ್ಕಾಪಾಲಾಗಿ ಓಡುತ್ತಿತ್ತು. ಜನ ಗಾಡಿಗಳಿಗೆ ಹಾರಿ, ಅಡ್ಡಗಟ್ಟಲು ನಾಲ್ಕೂ ಕಡೆ ಹೋದರು. ಎನ್ಸಿಯೋ ಒಬ್ಬನೇ ಉಳಿದ.

ಆಗ ಮೂರು ಹೆಣ್ಣು ಸಾರಂಗಗಳು ಮಂದೆಯಿಂದ ಬೇರೆಯಾಗಿ ಅವನತ್ತಲೇ ಬಂದವು. ಮೂರರ ಕಿವಿಯಲ್ಲೂ ಅವನದೇ ಗುರುತು, ಪ್ರತಿಯೊಂದರ ಹಿಂದೆಯೂ ಒಂದು ಕರು. ದೂರದಿಂದ ಹೈಮೋ ಇದೇ ಕಡೆ ಬರುತ್ತಿದ್ದ. ಇನ್ನೇನು, ಯಜಮಾನ ಕಣ್ಣಾರೆ ನೋಡಿಬಿಟ್ಟರೆ ಸಾಕು. ದೇವರು ಕೊನೆಗೂ ತನ್ನ ಕಡೆ ತಿರುಗಿದನೆಂದು ಎನ್ಸಿಯೋ ಉಸಿರು ಬಿಗಿಹಿಡಿದು ನಿಂತ.

ಸಾರಂಗಗಳು ಬಂದದ್ದು ಅವನನ್ನು ಹುಡುಕಿಕೊಂಡಲ್ಲ. ಅವು ಮಂಜುಗಡ್ಡೆಯ ಮೇಲೆ ಹರಿದಿದ್ದ ಕೂಲಂಟಿನ ಕಡೆಗೆ ಮೂತಿ ಚಾಚಿದವು. ಅದು ಸಿಹಿ, ನೆಕ್ಕಿದ ಪ್ರಾಣಿ ಬದುಕುವುದಿಲ್ಲ. ಎನ್ಸಿಯೋ ಟೋಪಿ ಬೀಸುತ್ತ, ಹೋ ಎಂದು ಅರಚುತ್ತ ಅವುಗಳ ಮೇಲೆ ಬಿದ್ದ. ತಾಯಿಗಳು ಬೆದರಿ ಕಾಡಿನತ್ತ ಓಡಿದವು. ಕರುಗಳು ಇನ್ನೊಂದು ದಿಕ್ಕಿಗೆ ಓಡಿ ಒಂದರ ಹಿಂದೊಂದು ಹೈಮೋನ ಹಗ್ಗಕ್ಕೆ ಸಿಕ್ಕವು.

ಎನ್ಸಿಯೋ ಓಡೋಡಿ ಹೋಗಿ, ಅವು ತನ್ನವು ಎಂದು ಗೋಗರೆದ.

ಹೈಮೋ ಕರುಗಳನ್ನು ನೋಡಿದ, ಅವನನ್ನು ನೋಡಿದ. ಅವನ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು.

"ತನ್ನ ಕರುನ ಯಾರಾದ್ರೂ ಹಂಗೆ ಹೊಡೆದೋಡಿಸ್ತಾರೇನೋ ಎನ್ಸಿಯೋ? ನಾನೇ ಕಣ್ಣಾರೆ ನೋಡಿದ್ನಲ್ಲ."