ಕಾರ್ಪೆಟ್ಟಿನ ಜಾಯಿಂಟು ಎಲ್ಲಿ ಬಂತು?

ಕಾರ್ಪೆಟ್ಟಿನ ಜಾಯಿಂಟನ್ನು ಕೋಣೆಯ ಯಾವ ಮೂಲೆಯಲ್ಲಿ ಅಡಗಿಸಿಟ್ಟರೂ ಒಂದು ತಮಾಷೆ ಹುಡುಕಿಕೊಂಡು ಬಂದು ಅದರ ಮೇಲೆ ಕೂರುತ್ತದೆ. ಇದು ಬರೀ ಬಾಯಿಮಾತಲ್ಲ. ನನ್ನ ಗ್ರಾಫ್ ಪುಸ್ತಕದಲ್ಲಿ ಪುಟಸಂಖ್ಯೆ ಸಮೇತ ದಾಖಲೆಯಿದೆ.

ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿ ಬಡಿದು ಗಾದಿ ಹೊಲಿಯುವ ಮನೆತನ. ತೊಂಬತ್ತರ ದಶಕದಲ್ಲಿ ಕಾರ್ಪೆಟ್ ಹಾಸುವ ಕೆಲಸವೂ ಸೇರಿಕೊಂಡಿತು. ಸುರುಳಿಯ ಅಗಲ ಆರಡಿ. ಕೋಣೆಗಳು ಆರಡಿಗೆ ನಿಲ್ಲುವುದಿಲ್ಲ. ತುಂಡುಗಳನ್ನು ಸೇರಿಸಲೇಬೇಕು. ಆ ಜಾಯಿಂಟು ಬಾಗಿಲ ಎದುರು ಬರಬಾರದು, ಕಿಟಕಿಯ ಬೆಳಕಿಗೆ ಅಡ್ಡ ಬೀಳಬಾರದು, ಎರಡೂ ತುಂಡುಗಳ ನೂಲು ಒಂದೇ ದಿಕ್ಕಿಗೆ ಮಲಗಿರಬೇಕು. ಮಾವನವರು ಇಷ್ಟನ್ನೂ ಗೇಣು ಹಾಕಿ, ಒಂದು ಕಣ್ಣು ಮುಚ್ಚಿ ತೀರ್ಮಾನಿಸುತ್ತಿದ್ದರು. ಹೀಗಾಗಿ ನಮ್ಮ ಜಾಯಿಂಟುಗಳು ತಪ್ಪದೆ ಹೊಸ್ತಿಲ ಹತ್ತಿರವೇ ಬಂದು ಗಿರಾಕಿಗಳ ಹೆಬ್ಬೆರಳು ಹಿಡಿಯುತ್ತಿದ್ದವು.

ನಾನು ಗಣಿತ ಓದಿ ಬಿ.ಎಸ್ಸಿ. ಪಾಸಾಗಿ ಈ ಮನೆಗೆ ಸೊಸೆಯಾಗಿ ಬಂದವಳು. ನೋಡುವಷ್ಟು ದಿನ ನೋಡಿ, ಒಂದು ದಿನ ಅಳತೆಯ ಟೇಪು ಇನ್ನು ನನ್ನ ಕೈಲಿರಲಿ ಎಂದು ಅವರನ್ನೇ ಕೇಳಿಬಿಟ್ಟೆ.

"ತಗೋ," ಅಂದರು ಮಾವನವರು. "ಒಂದು ವರ್ಷ ನೋಡೋಣು. ಒಬ್ಬ, ಒಬ್ಬನ ಒಬ್ಬ ಗಿರಾಕಿ ಬಂದು 'ಜಾಯಿಂಟ್ ಕಾಣಾಕತ್ತೈತಿ' ಅಂದಾ ಅಂದ್ರ, ಟೇಪು ವಾಪಸ್ ನನ್ನ ಕೈಗೆ. ನೀನು ಮತ್ತ ಗಾದಿಗೆ ಹತ್ತಿ ತುಂಬಬೇಕು."

ಆ ಒಂದು ವರ್ಷದ ಕಥೆ ಇದು.

೧

ಮೊದಲ ಕೆಲಸ ಕೊಟ್ಟೂರಿನ ಒಬ್ಬ ಬ್ಯಾಂಕ್ ಮ್ಯಾನೇಜರ್ ಕೋಣೆ. ಜಾಯಿಂಟನ್ನು ಅವರ ದೊಡ್ಡ ಮೇಜಿನ ಕೆಳಗೆ ಬರುವಂತೆ ಗ್ರಾಫ್ ಪುಸ್ತಕದಲ್ಲಿ ಬರೆದೆ. ನೂಲು ಮಲಗುವ ದಿಕ್ಕಿಗೆ ಬಾಣ ಎಳೆದೆ. ಹಾಸಿದೆವು. ಹುಡುಕಿದರೂ ಸಿಗಲಿಲ್ಲ.

ಮೂರನೇ ದಿನ ಫೋನ್ ಬಂತು. ವಾಸ್ತು ಹೇಳುವವರೊಬ್ಬರು ಬಂದು ಮೇಜನ್ನು ಪೂರ್ವಕ್ಕೆ ತಿರುಗಿಸಬೇಕು ಅಂದಿದ್ದಾರಂತೆ. ತಿರುಗಿಸಿದರೆ ಜಾಯಿಂಟು ನಡುಕೋಣೆಯಲ್ಲಿ ಬಯಲಾಗುತ್ತದೆ. ಗ್ರಾಫ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದೆ.

ವಾಸ್ತುವಿನವರು ಅಲ್ಲೇ ಇದ್ದರು. ನಾನು ಪುಸ್ತಕ ಬಿಚ್ಚಿ, ಬಾಣಗಳ ಮೇಲೆ ಬೆರಳಿಟ್ಟು ಗಂಭೀರವಾಗಿ ಹೇಳಿದೆ: "ಮೇಜು ತಿರುಗಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲಿ ನೂಲು ಪಶ್ಚಿಮಕ್ಕ ಮಲಗೈತಿ. ಸಾಹೇಬ್ರು ಪೂರ್ವಕ್ಕ ಕುಂತ್ರ ನೂಲಿಗೆ ಎದುರಾಗ್ತಾರ."

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದರಿಂದ ಏನಾಗುತ್ತದೆ ಎಂದು ಮಾತ್ರ ನನಗೂ ಗೊತ್ತಿರಲಿಲ್ಲ.

ವಾಸ್ತುವಿನವರು ಪುಟವನ್ನು ದಿಟ್ಟಿಸಿದರು. ಬೆವರು ಒರೆಸಿಕೊಂಡರು. "ಎದುರಾಗೂದು ಬ್ಯಾಡ್ರಿ. ಮೇಜು ಇದ್ದಲ್ಲೇ ಇರ್ಲಿ," ಅಂದರು.

ಮುಂದಿನ ವಾರ ಅವರು ನಮ್ಮ ಅಂಗಡಿಗೇ ಬಂದರು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಅಮ್ಮಾರ, ನಮ್ಮ ಮನ್ಯಾಗ ನೂಲು ಯಾವ ಕಡಿ ಮಲಗಬೇಕು ಅಂತ ಸ್ವಲ್ಪ ನೋಡಿ ಹೇಳ್ತೀರೇನ್ರಿ? ಎರಡು ವರ್ಷಾತು, ನಮ್ಮದ ಒಂದೂ ಸರಿ ಹೋಗವಲ್ದು."

೨

ಹರಪನಹಳ್ಳಿಯಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಿದ್ದರು. ಅಣ್ಣನಿಗೆ ಎಡಗಡೆ ಕೋಣೆಗಳು, ತಮ್ಮನಿಗೆ ಬಲಗಡೆಯವು. ಪಡಸಾಲೆ ಇಬ್ಬರಿಗೂ ಸೇರಿದ್ದು. ನಾನು ಜಾಯಿಂಟನ್ನು ಗೋಡೆ ಪಕ್ಕದ ದಿವಾನದ ಕೆಳಗೆ ಬರೆದು ತೋರಿಸಿದೆ.

"ಅಲ್ಲಿ ಬ್ಯಾಡ್ರಿ," ಅಂದ ಅಣ್ಣ. "ನಟ್ಟ ನಡುವ ಬರ್ಲಿ."

"ನಡುವ ಅಂದ್ರ ನಡುವ," ಅಂದ ತಮ್ಮ. "ಒಂದು ಬಟ್ಟು ಅತ್ತ ಸರೀಬಾರದು."

"ಜಾಯಿಂಟ್ ಕಾಣತೈತಲ್ರೀ!"

"ಕಾಣ್ಲಿ ಅಂತಾನ ಹೇಳಾಕತ್ತೀವಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಪಾಲಾದ ಮೇಲೆ ಅವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದೇ ಇರಬೇಕು.

ನನಗೆ ಟೇಪಿನ ಚಿಂತೆ. "ಜಾಯಿಂಟು ಕಾಣಬೇಕೆಂದು ನಾವೇ ಕೇಳಿ ಹಾಕಿಸಿಕೊಂಡಿದ್ದೇವೆ" ಎಂದು ಬರೆಸಿ, ಇಬ್ಬರ ಸಹಿಯನ್ನೂ ಹಾಕಿಸಿಕೊಂಡ ಮೇಲೆಯೇ ಕತ್ತರಿ ಮುಟ್ಟಿದೆ. ಕೆಲಸ ಮುಗಿಯುವಷ್ಟರಲ್ಲಿ ಅಣ್ಣನ ಸೋಫಾ ಎಡಕ್ಕೆ, ತಮ್ಮನ ಟೀವಿ ಬಲಕ್ಕೆ ಬಂದು ನಿಂತವು. ಅಷ್ಟರಲ್ಲಿ ಅವರ ತಾಯಿ ಒಂದು ಕುರ್ಚಿ ಎಳೆದುಕೊಂಡು ಬಂದು, ಎರಡು ಕಾಲು ಆ ಕಡೆ, ಎರಡು ಕಾಲು ಈ ಕಡೆ ಬರುವಂತೆ ಜಾಯಿಂಟಿನ ಮೇಲೆ ಹಾಕಿಕೊಂಡು ಕೂತರು.

"ಇಲ್ಲ್ಯಾಕ ಕುಂತ್ರಿ ಅವ್ವಾರ?" ಅಂದೆ.

"ಇವತ್ತು ಎರಡೂ ಕಡಿ ಹೋಳಿಗಿ ಮಾಡ್ಯಾರವ್ವಾ," ಅಂದರು. "ನಾ ಯಾಕ ಒಂದು ಕಡಿ ಕಳಕೊಳ್ಳಲಿ?"

೩

ಹಡಗಲಿಯ ಫೋಟೋ ಸ್ಟುಡಿಯೋದವರ ಬೇಡಿಕೆ ಒಂದೇ: ಫೋಟೋದಲ್ಲಿ ಜಾಯಿಂಟು ಬರಬಾರದು. ಹೇಗೆ ಬೆಳಕು ಬಿಟ್ಟರೂ ಕಾಣದ ಜಾಗ ಹುಡುಕಿ ಸೇರಿಸಿಕೊಟ್ಟೆ. ಅವರಿಗೆ ಭಾರಿ ಖುಷಿ. ಆದರೆ ಆ ಜಾಗವೇ ಕ್ಯಾಮೆರಾದಿಂದ ಸರಿಯಾದ ದೂರದಲ್ಲಿದೆ ಎಂದು ಆಮೇಲೆ ಅವರಿಗೆ ಹೊಳೆಯಿತು. "ಜಾಯಿಂಟಿನ ಮ್ಯಾಲೆ ನಿಲ್ರಿ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಕಾಣದಂತೆ ಸೇರಿಸಿದ ಜಾಯಿಂಟು ಅವರಿಗಾದರೂ ಎಲ್ಲಿ ಸಿಗಬೇಕು?

ಆ ವರ್ಷ ನಾನು ಹೋದ ಮದುವೆ ಮನೆಗಳಲ್ಲೆಲ್ಲ ಆ ಸ್ಟುಡಿಯೋದ ಆಲ್ಬಮ್ ನೋಡಿದೆ. ಮದುಮಗಳು ನೆಲ ನೋಡುತ್ತಿದ್ದಾಳೆ. ಸರಿ, ನಾಚಿಕೆ. ಮದುಮಗನೂ ನೆಲ ನೋಡುತ್ತಿದ್ದಾನೆ. ಹಿಂದೆ ನಿಂತ ಸೋದರಮಾವನೂ ಮೀಸೆ ಹೊತ್ತುಕೊಂಡು ನೆಲವನ್ನೇ ನೋಡುತ್ತಿದ್ದಾನೆ.

"ಎಂಥಾ ಸಂಭಾವಿತ ಮನೆತನ ನೋಡ್ರಿ," ಅಂದರು ಪಕ್ಕದಲ್ಲಿದ್ದ ಬೀಗರು.

೪

ವರ್ಷ ತುಂಬಲು ಹದಿನೈದು ದಿನ ಉಳಿದಿತ್ತು. ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಆರು ತಿಂಗಳ ಹಿಂದೆ ಸಾಹೇಬರ ಕೋಣೆಗೆ ಹಾಸಿದ್ದೆವು. ಈಗ ಪಕ್ಕದ ಕೋಣೆಗೂ ಬೇಕು ಎಂದು ಕರೆ ಬಂತು. "ನಾನೂ ಬರ್ತೀನಿ," ಎಂದು ಮಾವನವರು ಕನ್ನಡಕ ಒರೆಸಿಕೊಂಡು ಹೊರಟರು. ಯಾಕೆಂದು ಕೇಳಬೇಕಾಗಿರಲಿಲ್ಲ.

ಸಾಹೇಬರು ಊಟಕ್ಕೆ ಹೋಗಿದ್ದರು. ಮಾವನವರು ಕೋಣೆಗೆ ನುಗ್ಗಿ ಬಗ್ಗಿ ನೋಡಿದರು, ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದರು, ಕೊನೆಗೆ ಕೆನ್ನೆಯನ್ನೇ ನೆಲಕ್ಕೆ ಹಚ್ಚಿ ನೋಡಿದರು. ಜಾಯಿಂಟು ಸಿಗಲಿಲ್ಲ. ನಾನು ಒಳಗೊಳಗೇ ಬಿ.ಎಸ್ಸಿ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸುತ್ತಿದ್ದೆ.

ಅಷ್ಟರಲ್ಲಿ ಜವಾನ ಚಹಾ ತಂದ. ಬಾಗಿಲಿಂದ ನಾಲ್ಕು ಹೆಜ್ಜೆ ನಡೆದ, ಟಣ್ಣನೆ ಜಿಗಿದ, ಮುಂದೆ ನಡೆದ. ಚಹಾ ಒಂದು ಹನಿ ಚೆಲ್ಲಲಿಲ್ಲ. ಹಿಂದೆಯೇ ಕಡತ ಹಿಡಿದ ಗುಮಾಸ್ತರು ಬಂದರು, ಅಲ್ಲೇ ಜಿಗಿದರು. ಟೈಪಿಸ್ಟ್ ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು ಜಿಗಿದರು. ಅರ್ಜಿ ಕೊಡಲು ಬಂದ ಹಳ್ಳಿಯ ರೈತನೊಬ್ಬ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ದೂರ ಜಿಗಿದ.

ನನಗೆ ನೆನಪಾಯಿತು. ಹಾಸಿದ ದಿನ ಇದೇ ಜವಾನನಿಗೆ ಜಾಗ ತೋರಿಸಿ, "ಅಂಟಿನ ಸಲ್ಯೂಷನ್ ಒಣಗಬೇಕು, ಇಲ್ಲಿ ಯಾರೂ ಕಾಲಿಡಬಾರ್ದು, ದಾಟಿ ಹೋಗ್ರಿ" ಎಂದು ಹೇಳಿ ಬಂದಿದ್ದೆ. ಎರಡು ದಿನದ ಮಾತು. ಇನ್ನು ಸಾಕು ಎಂದು ಹೇಳಲು ಮರೆತಿದ್ದೆ.

ಮಾವನವರ ಮುಖ ಅರಳಿತು. "ಅಕಾ! ಅಲ್ಲೈತಿ ಜಾಯಿಂಟು! ಇಡೀ ಕಚೇರಿಗೇ ಕಾಣಾಕತ್ತೈತಿ! ತಾ ಇಲ್ಲಿ ಟೇಪು!"

"ಗಿರಾಕಿ ಹೇಳ್ಲಿ ಮಾವಾರ," ಅಂದೆ.

ಅವರು ಜವಾನನನ್ನು ಹಿಡಿದು ನಿಲ್ಲಿಸಿದರು. "ಖರೇ ಹೇಳಪಾ. ಜಾಯಿಂಟ್ ಕಾಣತೈತಿ ಅಂತಾನ ಜಿಗದಿ, ಹೌದಲ್ಲೋ?"

"ಜಾಯಿಂಟಾ? ಯಾವ ಜಾಯಿಂಟ್ರೀ?"

"ಮತ್ಯಾಕ ಜಿಗದಿ?"

"ಇಲ್ಲಿ ಜಿಗೀಬೇಕ್ರೀ. ಹಿಂದಿನ ಸಾಹೇಬ್ರ ಕಾಲದಿಂದ ಹಂಗ ಐತಿ. ಹೊಸ ಸಾಹೇಬ್ರೂ ಬಂದ ದಿನಾನ ಕೇಳಿ ತಿಳಕೊಂಡು ಜಿಗಿದ್ರು. ಮ್ಯಾಲಿಂದ ಆರ್ಡರ್ ಬಂದಿರ್ತೈತಿ ಬಿಡ್ರೀ."

ಟೇಪಿಗೆಂದು ಚಾಚಿದ ಕೈ ಹಿಂದಕ್ಕೆ ಹೋಗಿ ಗಡ್ಡ ಕೆರೆದುಕೊಂಡಿತು. ಮಾವನವರು ಚಹಾ ಕುಡಿದು ಮುಗಿಸಿ ಎದ್ದರು. ನಾಲ್ಕು ಹೆಜ್ಜೆ ನಡೆದರು. ನಿಂತರು. ಹಿಂದೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಲುಂಗಿ ಮೇಲೆತ್ತಿ, ಎಪ್ಪತ್ತರ ವಯಸ್ಸಿನಲ್ಲಿ, ಮೇಕೆಯ ಹಾಗೆ ಜಿಗಿದರು.

"ನಗಬ್ಯಾಡವ್ವಾ," ಅಂದರು ಆ ಕಡೆಯಿಂದ. "ಸರ್ಕಾರದ ಆರ್ಡರು. ನಮಗ್ಯಾಕ ಬೇಕು?"