ಸಾಹೇಬರನ್ನು ಊಟಕ್ಕೆ ಕರೆದದ್ದು

ಕನ್ನಡ ಸೀಮೆಯೆಲ್ಲ ಒಂದೇ ರಾಜ್ಯವಾದ ಮರುವರ್ಷ ನಮ್ಮ ಮೈಸೂರಿನ ಕಚೇರಿಗೆ ಧಾರವಾಡದಿಂದ ಪಾಟೀಲ ಸಾಹೇಬರು ಬಂದರು. ನಯವಾದ ಮಾತಿನಿಂದ ಎಂಥವರನ್ನೂ ಒಲಿಸಿಕೊಳ್ಳಬಲ್ಲ ಗುಮಾಸ್ತ ನಾನೊಬ್ಬನೇ ಎಂಬ ಭರವಸೆ ನನಗಿತ್ತು. ಸಾಹೇಬರು ಬಾಯಿ ತೆರೆಯುವವರೆಗೆ!

"ಏನ್ರೀ! ಫೈಲ್ ಎಲ್ಲೈತ್ರೀ?"

ನನ್ನ ಕೈಯಿಂದ ಲೇಖನಿ ಬಿತ್ತು.

"ಆ ಕಡೆಯೋರು ಮಾತಾಡಿದ್ರೆ ಬೈದಂಗೆ, ಬೈದ್ರೆ ಹೊಡೆದಂಗೆ ಕಣಯ್ಯಾ," ಎಂದರು ಹೆಡ್ ಗುಮಾಸ್ತರು. "ಮೆಣಸಿನಕಾಯಿ ತಿಂದೇ ಬೆಳೆದೋರು. ವರ್ಗದ ಪಟ್ಟಿ ಬೇರೆ ಬರೀತಾವ್ರೆ. ಗುಲ್ಬರ್ಗಕ್ಕೆ ಇಬ್ಬರು ಬೇಕಂತೆ."

ಜೀವ ಬಾಯಿಗೆ ಬಂತು. ನನ್ನ ಹೆಂಡತಿ ಗೌರಿಗೆ ಆಗ ಏಳು ತಿಂಗಳು. ಅವಳನ್ನು ಬಿಟ್ಟು ಗುಲ್ಬರ್ಗಕ್ಕೆ ಹೋಗುವುದುಂಟೆ? ಹೆದರಿಕೆಯಲ್ಲಿ ಸಾಹೇಬರ ಮುಂದೆ ನಿಂತು, "ಒಂದ್ಸಲ ಮನೇಗೆ ಊಟಕ್ಕೆ ಬನ್ನಿ ಸಾರ್," ಎಂದುಬಿಟ್ಟೆ. ನಮ್ಮೂರಿನಲ್ಲಿ ಇದಕ್ಕೆ "ಆಗ್ಲಿ, ಬರೋಣ" ಎನ್ನಬೇಕು, ಬರಬಾರದು. ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ.

"ಆತ್ರೀ!" ಎಂದರು ಸಾಹೇಬರು.

ಭಾನುವಾರ ಮಧ್ಯಾಹ್ನ ಬಾಗಿಲು ದಡದಡ ಎಂದಿತು. "ಬಂದೀವಿ ನೋಡ್ರೀ!" ಸಾಹೇಬರು, ಜೊತೆಗೆ ಅವರ ಹೆಂಡತಿ! ಎದುರುಮನೆ ಪುಟ್ಟಮ್ಮನವರು ಕಿಟಕಿಯಿಂದ ಇಣುಕಿ, "ಏನ್ ಜಗಳ ಕಣಪ್ಪಾ? ಯಾರನ್ನಾರಾ ಕರೀಲಾ?" ಎಂದರು.

ಅಡುಗೆಮನೆಯಲ್ಲಿ ಗೌರಿ ತಲೆ ಚಚ್ಚಿಕೊಂಡಳು. "ಏನ್ ಮಾಡ್ಬುಟ್ರೀ! ಇರೋದು ಬರೀ ಸೊಪ್ಪಿನ ಸಾರು!"

"ಖಾರ ಇದ್ರೆ ಸಾಕು ಕಣೇ ಅವ್ರಿಗೆ," ಎಂದು ನಾನೇ ಮೂರು ಹಿಡಿ ಖಾರದ ಪುಡಿ ಸುರಿದೆ.

ಮೊದಲ ತುತ್ತಿಗೇ ಸಾಹೇಬರ ಕಣ್ಣು ಕೆಂಪಾಯಿತು. ಸಿಟ್ಟೋ ಖಾರವೋ ನನಗೆ ತಿಳಿಯಲಿಲ್ಲ.

"ಇವರ ಹೊಟ್ಟ್ಯಾಗ ಹುಣ್ಣೈತ್ರೀ," ಎಂದರು ಅವರ ಹೆಂಡತಿ ಮೆಲ್ಲಗೆ. "ಡಾಕ್ಟರು ಖಾರ ಮುಟ್ಟಬ್ಯಾಡ್ರಿ ಅಂದಾರ."

ನಾನು ಮಜ್ಜಿಗೆ ತರಲು ಓಡಿದೆ. ಸಾಹೇಬರು ಒಂದು ಚೊಂಬು ಮಜ್ಜಿಗೆ ಕುಡಿದು, ಗೌರಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಹೊರಡುವಾಗ ಗುಡುಗಿದರು: "ಬರೂ ಐತಾರ ನೀವು ನಮ್ಮನಿಗೆ ಊಟಕ್ಕ ಬರ್ರೀ!"

"ಆಗ್ಲಿ ಸಾರ್, ಬರೋಣ ಬರೋಣ," ಎಂದೆ.

ವಾರವಿಡೀ ಸಾಹೇಬರ ಕಣ್ಣಿಗೆ ಬೀಳದಂತೆ ಫೈಲುಗಳ ಹಿಂದೆ ಕೂತೆ. ಅವರು ಐತಾರವೆಂದ ಭಾನುವಾರ, ಕಚೇರಿಯಿಲ್ಲವೆಂಬ ಸಮಾಧಾನದಲ್ಲಿ ಎರಡು ಮುದ್ದೆ ನುಂಗಿ ಕೈ ತೊಳೆಯುತ್ತಿದ್ದೆ. ಕಚೇರಿಯ ಜವಾನ ಓಡಿ ಬಂದ.

"ಸ್ವಾಮೀ, ಸಾಹೇಬ್ರು ತಟ್ಟೆ ಇಟ್ಕೊಂಡು ಕಾಯ್ತಾವ್ರೆ! ನೀವು ಬರೋಗಂಟ ಉಣ್ಣಕಿಲ್ವಂತೆ!"

"ಹೋಗಿ ಕಣ್ರೀ!" ಎಂದಳು ಗೌರಿ. "ಹಾಕಿದ್ದೆಲ್ಲಾ ತಿನ್ನಿ. ಗುಲ್ಬರ್ಗ!"

ಹೋದೆ. ಜೋಳದ ರೊಟ್ಟಿ ಬಿತ್ತು. "ಸಾಕು" ಎಂದೆ. "ಏನ್ರೀ, ರುಚಿ ಇಲ್ಲೇನ್ರೀ?" ಎಂದು ಸಾಹೇಬರು ಗರ್ಜಿಸಿದರು. ಹೆದರಿ ಇನ್ನೊಂದು ತಿಂದೆ. ಹೀಗೆ ಏಳು! ಏಳನೆಯದನ್ನು ಮುಗಿಸಿ, ಕಣ್ಣೀರು ತುಂಬಿಕೊಂಡು, "ಸಾರ್, ವರ್ಗ..." ಎಂದೆ.

"ಅಯ್ಯ, ನಿಮ್ಮನಿ ಬಾಯಾರು ಬಸರಿ ಅದಾರಂತ ನೋಡಿದ ಮರುದಿನಾನ ನಿಮ್ಮ ಹೆಸರು ತಗದೀನಲ್ರೀ!" ಎಂದು ಸಾಹೇಬರು ಬೆನ್ನು ತಟ್ಟಿದರು. ಏಳೂ ರೊಟ್ಟಿ ಅಲುಗಾಡಿದವು.

ಜಟಕಾದಲ್ಲಿ ಮಲಗಿಸಿ ನನ್ನನ್ನು ಮನೆಗೆ ಕಳಿಸಿದರು. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಲಾಗದೆ ನಿಂತಿದ್ದಾಗ ಪುಟ್ಟಮ್ಮನವರು ನನ್ನನ್ನೂ ಬಾಗಿಲಿಗೆ ಬಂದ ಗೌರಿಯನ್ನೂ ಬದಲಿಸಿ ಬದಲಿಸಿ ನೋಡಿ, ಕೊನೆಗೆ ನನ್ನನ್ನೇ ಕೇಳಿದರು:

"ಸೂಲಗಿತ್ತೀಗೆ ಹೇಳ್ಕಳಿಸ್ಲಾ?"